ಅವ್ವನ ಮಂಚಕ್ಕೆ ಯಾವ ರಾಜ್ಯದ ನಿಯಮ?

ವೃದ್ಧಾಶ್ರಮಗಳಿಗೆ ಕಾನೂನುಂಟು, ಗುಣಮಟ್ಟ ಅಳೆಯುವ ಕೋಲಿಲ್ಲ. ಗಡಿ ಕುಟುಂಬಗಳಿಗೆ ಇಮ್ಮಡಿ ತೊಡಕು

ರಾಯದುರ್ಗ/ಮಡಕಶಿರಾ: ಈ ಭಾಗದಲ್ಲಿ ‘ನರ್ಸಿಂಗ್ ಹೋಮ್’ ಅಂದ್ರೆ ಹತ್ತು ಹಾಸಿಗೆಯ ಖಾಸಗಿ ಆಸ್ಪತ್ರೆ. ಹೆರಿಗೆ, ಜ್ವರ, ಸಲೈನ್ ಬಾಟಲಿ. ನಾಲ್ಕು ದಿನ ಇದ್ದು ಬಿಲ್ ಕಟ್ಟಿ ಮನೆಗೆ ಬರೋ ಜಾಗ. ಲಕ್ವ ಹೊಡೆದು ಮಲಗಿದ ಅಜ್ಜನನ್ನು, ಮರೆವು ಹತ್ತಿದ ಅಜ್ಜಿಯನ್ನು ವರ್ಷಗಟ್ಟಲೆ ಇಟ್ಟುಕೊಂಡು ನೋಡಿಕೊಳ್ಳುವ ಜಾಗಕ್ಕೆ ಮಾತ್ರ ಜನರ ಬಾಯಲ್ಲಿ ಇರುವುದು ಒಂದೇ ಹೆಸರು: ವೃದ್ಧಾಶ್ರಮ. ಕೈಕಾಲು ಗಟ್ಟಿ ಇರುವವರಿಗೆ ಊಟ, ವಸತಿ ಕೊಡುವುದೂ ವೃದ್ಧಾಶ್ರಮವೇ. ಮೂಗಿನ ನಳಿಗೆಯಲ್ಲಿ ಗಂಜಿ ಹಾಕಬೇಕಾದ ರೋಗಿಯನ್ನು ಇಟ್ಟುಕೊಳ್ಳುವುದೂ ವೃದ್ಧಾಶ್ರಮವೇ.

ಹೆಸರಿನ ಈ ಗೊಂದಲ ಕಾನೂನಿನಲ್ಲೂ ಇದೆ. ಹತ್ತು ಹಾಸಿಗೆಯ ಆಸ್ಪತ್ರೆ ತೆರೆಯಬೇಕಾದರೆ ಆಂಧ್ರದಲ್ಲಿ 2002ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಬೇಕೇ ಬೇಕು. ಹಾಸಿಗೆ ಹಿಡಿದ ಹತ್ತು ಮುದುಕರನ್ನು ಒಂದು ಬಾಡಿಗೆ ಮನೆಯಲ್ಲಿ ಇಟ್ಟುಕೊಳ್ಳುವವರು ಸಾಮಾನ್ಯವಾಗಿ ತೋರಿಸುವುದು ಟ್ರಸ್ಟ್ ಅಥವಾ ಸಂಘದ ನೋಂದಣಿ ಪತ್ರವನ್ನು. ಅದು ಸಂಸ್ಥೆ ಹುಟ್ಟಿದ್ದಕ್ಕೆ ದಾಖಲೆ, ಅಷ್ಟೆ. ಅಲ್ಲಿನ ಮಂಚ, ಮಾತ್ರೆ, ಶೌಚಾಲಯ, ರಾತ್ರಿ ಪಾಳಿಯ ಬಗ್ಗೆ ಅದು ಒಂದಕ್ಷರವನ್ನೂ ಹೇಳುವುದಿಲ್ಲ. ಗೋಡೆಗೆ ಕಟ್ಟು ಹಾಕಿಸಿ ತೂಗುಹಾಕಿದ ಆ ಕಾಗದ ನೋಡಿ ‘ಸರ್ಕಾರದ ಪರವಾನಗಿ ಇದೆ’ ಅಂತ ನಂಬಿ ಬರುವವರು ಕಡಿಮೆಯಿಲ್ಲ.

ಒಂದೇ ಮನೆ, ಎರಡು ಸರ್ಕಾರ

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಚೆಗೆ ಸೇರಿದವು. ನಕ್ಷೆ ಬದಲಾಯಿತು, ಬೀಗತನ ಬದಲಾಗಲಿಲ್ಲ. ಇಂದಿಗೂ ರಾಯದುರ್ಗ, ಡಿ. ಹಿರೇಹಾಳ್, ಬೊಮ್ಮನಹಾಳ್ ಕಡೆಯವರಿಗೆ ಅನಂತಪುರಕ್ಕಿಂತ ಬಳ್ಳಾರಿಯೇ ಹತ್ತಿರ. ಮಡಕಶಿರಾ, ಅಮರಾಪುರ, ಅಗಳಿ, ರೊಳ್ಳ, ಗುಡಿಬಂಡೆ ಸೀಮೆಗೆ ಶಿರಾ, ಮಧುಗಿರಿ, ಪಾವಗಡಗಳೇ ನೆರೆಹೊರೆ. 2022ರ ಏಪ್ರಿಲ್‌ನಲ್ಲಿ ಅನಂತಪುರ ಜಿಲ್ಲೆಯನ್ನು ಒಡೆದಾಗ ರಾಯದುರ್ಗ ಹಳೆಯ ಜಿಲ್ಲೆಯಲ್ಲೇ ಉಳಿಯಿತು. ಮಡಕಶಿರಾ ಪುಟ್ಟಪರ್ತಿ ಕೇಂದ್ರದ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು.

ಮಳೆ ನಂಬಿದ ಸೀಮೆ ಇದು. ಮಳೆ ಕೈಕೊಟ್ಟಾಗ ದುಡಿಯುವ ಕೈಗಳು ಬೆಂಗಳೂರಿಗೆ, ಬಳ್ಳಾರಿಗೆ ಗುಳೆ ಹೋಗುತ್ತವೆ. ಊರಲ್ಲಿ ಉಳಿಯುವುದು ಮನೆ, ಎರಡು ಎಮ್ಮೆ, ವಯಸ್ಸಾದವರು. ಅವರಲ್ಲೊಬ್ಬರು ಬಿದ್ದು ತೊಡೆಮೂಳೆ ಮುರಿದುಕೊಂಡ ದಿನ ಪ್ರಶ್ನೆ ಏಳುತ್ತದೆ: ನೋಡಿಕೊಳ್ಳೋರು ಯಾರು? ಬೆಂಗಳೂರಿನ ಒಂದು ಕೋಣೆಯ ಬಾಡಿಗೆ ಮನೆಯಲ್ಲಿ ಗಂಡ-ಹೆಂಡತಿ ಇಬ್ಬರೂ ದುಡಿಯಲು ಹೋದರೆ ಹಾಸಿಗೆ ಹಿಡಿದವರ ಬಳಿ ಹಗಲಲ್ಲಿ ಯಾರೂ ಇರುವುದಿಲ್ಲ. ಹೀಗೆ ವೃದ್ಧಾಶ್ರಮ ಅನ್ನುವುದು ಕಲ್ಲು ಮನಸ್ಸಿನ ಮಕ್ಕಳು ಹುಡುಕುವ ದಾರಿ ಮಾತ್ರವಾಗಿ ಉಳಿದಿಲ್ಲ. ಕೈಲಾಗದ ಮಕ್ಕಳ ದಾರಿಯೂ ಆಗಿದೆ.

ಆಗ ಒಂದೇ ಸಂಸಾರದ ಕಾಗದಪತ್ರ ಎರಡು ರಾಜ್ಯಕ್ಕೆ ಹಂಚಿಹೋಗುತ್ತದೆ. ಅವ್ವನ ಆಧಾರ್ ವಿಳಾಸ, ರೇಷನ್ ಕಾರ್ಡು, ಪಿಂಚಣಿ ಆಂಧ್ರದ್ದು. ಮಗನ ಮತಪತ್ರ, ಕೆಲಸ ಕರ್ನಾಟಕದ್ದು. ಆಶ್ರಮ ಬಳ್ಳಾರಿಯಲ್ಲೋ ತುಮಕೂರಿನಲ್ಲೋ ಇದ್ದರೆ, ಅಲ್ಲಿ ಏನಾದರೂ ಹೆಚ್ಚುಕಮ್ಮಿ ಆದಾಗ ಯಾವ ಕಚೇರಿಗೆ ಹೋಗಬೇಕು ಅನ್ನೋದೇ ತಿಳಿಯದೆ ಮನೆಯವರು ಸುಮ್ಮನಾಗುತ್ತಾರೆ.

ಕಾಯ್ದೆ ಏನು ಹೇಳುತ್ತದೆ?

ಕೇಂದ್ರದ 2007ರ ತಂದೆ-ತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ ಎರಡೂ ರಾಜ್ಯಗಳಿಗೆ ಅನ್ವಯ. 60 ದಾಟಿದವರೆಲ್ಲ ಇದರಡಿ ಹಿರಿಯ ನಾಗರಿಕರು. ಇದರ 19ನೇ ಕಲಂ ಪ್ರಕಾರ ರಾಜ್ಯ ಸರ್ಕಾರ ಹಂತಹಂತವಾಗಿ, ಜಿಲ್ಲೆಗೆ ಕನಿಷ್ಠ ಒಂದರಂತೆ ಆರಂಭಿಸಿ, 150 ಮಂದಿ ನಿರ್ಗತಿಕ ಹಿರಿಯರಿಗೆ ಜಾಗವಿರುವ ವೃದ್ಧಾಶ್ರಮ ಸ್ಥಾಪಿಸಬಹುದು. ಅದರ ಗುಣಮಟ್ಟಕ್ಕೆ ಯೋಜನೆ ರೂಪಿಸಬಹುದು. ಎರಡೂ ಕಡೆ ಇರುವುದು ‘ಬಹುದು’. ‘ತಕ್ಕದ್ದು’ ಅಂತ ಇದ್ದಿದ್ದರೆ ಸರ್ಕಾರವನ್ನು ಕೇಳುವ ದಾರಿ ಬೇರೆಯೇ ಆಗಿರುತ್ತಿತ್ತು.

ಈ ವಿಷಯ ಸುಪ್ರೀಂ ಕೋರ್ಟ್ ಮುಂದೆಯೂ ಬಂತು. ಡಾ. ಅಶ್ವನಿ ಕುಮಾರ್ ಅವರು ಹೂಡಿದ್ದ ಮೊಕದ್ದಮೆಯಲ್ಲಿ 2018ರ ಡಿಸೆಂಬರ್‌ 13ರಂದು ತೀರ್ಪು ಕೊಟ್ಟ ನ್ಯಾಯಾಲಯ, ಪ್ರತಿ ಜಿಲ್ಲೆಯಲ್ಲಿ ಎಷ್ಟು ವೃದ್ಧಾಶ್ರಮಗಳಿವೆ, ಹಿರಿಯರಿಗೆ ಏನೇನು ವೈದ್ಯಕೀಯ ಸೌಲಭ್ಯ ಇದೆ ಎಂಬ ಮಾಹಿತಿ ರಾಜ್ಯಗಳಿಂದ ತರಿಸಿಕೊಳ್ಳುವಂತೆ ಕೇಂದ್ರಕ್ಕೆ ಸೂಚಿಸಿತು. ಕಾಯ್ದೆ ಬಂದು ಹನ್ನೊಂದು ವರ್ಷದ ಮೇಲೂ ಎಣಿಕೆಗೇ ನ್ಯಾಯಾಲಯ ಹೇಳಬೇಕಾಯಿತು ಎಂಬುದನ್ನು ಗಮನಿಸಬೇಕು.

ಮುಂದಿನ ವರ್ಷ ಒಂದು ಅವಕಾಶ ಕೂಡಿಬಂದಿತ್ತು. 2019ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಮಂಡಿಸಿದ ತಿದ್ದುಪಡಿ ಮಸೂದೆ ಖಾಸಗಿ ಆಶ್ರಮಗಳೂ ಸೇರಿದಂತೆ ಹಿರಿಯರ ಆರೈಕೆ ಮನೆಗಳೆಲ್ಲದರ ನೋಂದಣಿಗೆ, ಊಟ, ಕಟ್ಟಡ, ವೈದ್ಯಕೀಯ ಸೌಲಭ್ಯಗಳ ಕನಿಷ್ಠ ಮಟ್ಟ ನಿಗದಿಗೆ ಅವಕಾಶ ಕೊಟ್ಟಿತ್ತು. ಅದು ಸ್ಥಾಯಿ ಸಮಿತಿಗೆ ಹೋಯಿತು, ಬಂತು, ಅಲ್ಲೇ ನಿಂತಿತು. 2024ರಲ್ಲಿ ಲೋಕಸಭೆ ವಿಸರ್ಜನೆಯಾದಾಗ ಮಸೂದೆಯೂ ಬಿದ್ದುಹೋಯಿತು. ಮನೆ ಕಟ್ಟಿ ಮಾರುವ ನಿವೃತ್ತರ ಬಡಾವಣೆಗಳಿಗೆ ಕೇಂದ್ರ 2019ರಲ್ಲೇ ಮಾದರಿ ಮಾರ್ಗಸೂಚಿ ಕೊಟ್ಟಿದೆ. ಆದರೆ ಅದು ಫ್ಲ್ಯಾಟ್ ಕೊಳ್ಳುವವರ ಪ್ರಪಂಚ. ಅಗಳಿಯ ಅಜ್ಜಿಗೆ ಅದರಿಂದ ಏನೂ ಇಲ್ಲ.

80 ಚದರ ಅಡಿಯ ಲೆಕ್ಕ

ಸರ್ಕಾರಿ ನೆರವಿನ ಆಶ್ರಮಗಳಿಗಾಗಿ ಕೇಂದ್ರ ರಾಜ್ಯಗಳಿಗೆ ಕೊಟ್ಟ ಮಾದರಿ ನಿಯಮಗಳಲ್ಲಿ ಅಳತೆಗಳಿವೆ. ಮಲಗುವ ಕೋಣೆಯಲ್ಲಿ ತಲೆಗೆ 7.5 ಚದರ ಮೀಟರ್, ಅಂದರೆ ಸುಮಾರು 80 ಚದರ ಅಡಿ. ಅಡುಗೆಮನೆ, ಊಟದ ಮನೆ ಸೇರಿ ತಲೆಗೆ 12 ಚದರ ಮೀಟರ್. ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ಕೋಣೆ. ಗಾಲಿಕುರ್ಚಿ ಹೋಗುವ ಇಳಿಜಾರು, ಗೋಡೆಗೆ ಹಿಡಿಕೆ, ಅಂಗವಿಕಲರಿಗೂ ಆಗುವ ಶೌಚಾಲಯ. ಖಾಸಗಿ ಆಶ್ರಮಕ್ಕೆ ಇದನ್ನು ಹೇರುವವರು ಇಲ್ಲದಿದ್ದರೂ, ನೋಡಲು ಹೋದವರು ಇದನ್ನೇ ಅಳತೆಗೋಲು ಮಾಡಿಕೊಳ್ಳಬಹುದು. ಹತ್ತಡಿ-ಹನ್ನೆರಡಡಿ ಕೋಣೆಯಲ್ಲಿ ನಾಲ್ಕು ಮಂಚ ಕಂಡರೆ ತಲೆಗೆ ಸಿಗುವುದು 30 ಚದರ ಅಡಿ. ಲೆಕ್ಕ ಅಲ್ಲೇ ಮುಗಿಯಿತು.

ಆದರೆ ಜಾಗ ಅಳೆದರೆ ಆರೈಕೆ ಅಳೆದಂತಾಗುವುದಿಲ್ಲ. ಹಾಸಿಗೆ ಹಿಡಿದವರನ್ನು ಎಷ್ಟು ಹೊತ್ತಿಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿ ಎಷ್ಟು ಮಂದಿ ಎಚ್ಚರ ಇರಬೇಕು, ಇನ್ಸುಲಿನ್ ಯಾರು ಕೊಡಬೇಕು? ಇದಕ್ಕೆ ಉತ್ತರ ಹುಡುಕಿರುವ ದೇಶಗಳಿವೆ. ಆಸ್ಟ್ರೇಲಿಯಾದಲ್ಲಿ 2023ರ ಜುಲೈನಿಂದ ಇಂಥ ಮನೆಗಳಲ್ಲಿ ದಿನದ 24 ಗಂಟೆಯೂ ನೋಂದಾಯಿತ ನರ್ಸ್ ಇರಬೇಕು. 2024ರ ಅಕ್ಟೋಬರ್‌ನಿಂದ ತಲೆಗೆ ದಿನಕ್ಕೆ ಸರಾಸರಿ 215 ನಿಮಿಷ ಆರೈಕೆ, ಅದರಲ್ಲಿ 44 ನಿಮಿಷ ನರ್ಸ್ ಕೈಯದು ಎಂದು ನಿಗದಿಯಾಯಿತು. ಇಂಗ್ಲೆಂಡ್‌ನಲ್ಲಿ 2009ರಲ್ಲಿ ಶುರುವಾದ ಆಯೋಗ ಪ್ರತಿ ಮನೆಗೆ ನಾಲ್ಕು ದರ್ಜೆಗಳಲ್ಲೊಂದನ್ನು ಕೊಡುತ್ತದೆ. ಆ ದರ್ಜೆಯನ್ನು ಮನೆಯವರು ಎದ್ದುಕಾಣುವಂತೆ ಹಾಕಲೇಬೇಕು.

ಅಲ್ಲೆಲ್ಲ ಚೆನ್ನಾಗಿದೆ, ಇಲ್ಲಿ ಮಾತ್ರ ಹೀಗೆ ಅಂತಲ್ಲ. ಆಸ್ಟ್ರೇಲಿಯಾದ ತನಿಖಾ ಆಯೋಗ 2019ರಲ್ಲಿ ಕೊಟ್ಟ ಮಧ್ಯಂತರ ವರದಿಯ ಹೆಸರೇ ‘ನಿರ್ಲಕ್ಷ್ಯ’. ಹಣ, ಕಾನೂನು ಎರಡೂ ಇದ್ದ ನಾಡಲ್ಲೂ ಮುದುಕರು ಹುಣ್ಣಾಗಿ ನರಳಿದ್ದರು. ಆ ನಿಮಿಷದ ಲೆಕ್ಕ ಬಂದಿದ್ದು ಅದಾದ ಮೇಲೆ.

ಈ ಸೀಮೆಯ ಅಪಾಯಗಳು

ಹಾಸಿಗೆ ಹುಣ್ಣು ಆರೈಕೆಯ ಮೊದಲ ಸಾಕ್ಷಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ರೂಢಿಯ ಲೆಕ್ಕ. ಒದ್ದೆ ಬಟ್ಟೆಯಲ್ಲಿ, ಒಂದೇ ಮಗ್ಗುಲಲ್ಲಿ ಬಿಟ್ಟರೆ ಸೊಂಟದ ಕೆಳಗೆ, ಹಿಮ್ಮಡಿಯಲ್ಲಿ ಚರ್ಮ ಕೆಂಪಾಗಿ, ಕಪ್ಪಾಗಿ ಒಡೆಯುತ್ತದೆ. ನೋಡಲು ಹೋದ ಮಕ್ಕಳು ಮುಖ ನೋಡಿ, ಹಣ್ಣು ಕೊಟ್ಟು ಬರುತ್ತಾರೆ. ನೋಡಬೇಕಾದ್ದು ಬೆನ್ನು.

ಎರಡನೆಯದು ನೀರು. ಹಳೆಯ ಅನಂತಪುರ ಜಿಲ್ಲೆಯ ಅನೇಕ ಕಡೆ, ಪಕ್ಕದ ಪಾವಗಡದಲ್ಲೂ, ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಗತಿಯಿಲ್ಲದಿದ್ದರೂ 1.5 ದಾಟಬಾರದು ಎನ್ನುತ್ತದೆ ಭಾರತೀಯ ಮಾನಕ. ಜೀವನವಿಡೀ ಆ ನೀರು ಕುಡಿದು ಬೆನ್ನು ಬಾಗಿದವರು, ಕೀಲು ಬಿಗಿದವರು ಇಲ್ಲಿನ ಹಿರಿಯರಲ್ಲಿ ಇದ್ದಾರೆ. ಅಂಥವರಿಗೆ ನೆಲಮಟ್ಟದ ಶೌಚಾಲಯದಲ್ಲಿ ಕೂರಲು ಆಗದು. ಶುದ್ಧ ನೀರಿನ ಕ್ಯಾನು, ಕಮೋಡ್ ಕುರ್ಚಿ ಇಲ್ಲಿ ಐಷಾರಾಮವಲ್ಲ, ಸುರಕ್ಷತೆ.

ಮೂರನೆಯದು ಬಿಸಿಲು. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಸೀಮೆಯಲ್ಲಿ ತಗಡಿನ ಚಾವಣಿಯ ಕೆಳಗೆ ಮುದುಕರನ್ನು ಮಲಗಿಸುವುದು ಪ್ರಾಣದ ಜೊತೆ ಆಟ. ವಯಸ್ಸಾದಂತೆ ಬಾಯಾರಿಕೆ ಗೊತ್ತಾಗುವುದು ಕಡಿಮೆ. ‘ಕೇಳಿದರೆ ನೀರು ಕೊಡ್ತೀವಿ’ ಅನ್ನೋದು ಸಾಲದು, ಕೇಳದಿದ್ದರೂ ಕೊಡಬೇಕು.

ನಾಲ್ಕನೆಯದು ಕಟ್ಟಿಹಾಕುವುದು. ಮರೆವಿನವರು ಎದ್ದು ಹೋಗುತ್ತಾರೆ ಅಂತ ಸೀರೆ ತುಂಡಿನಿಂದ ಕೈ ಕಟ್ಟಿ, ಕೋಣೆಗೆ ಬೀಗ ಹಾಕುವುದು ಸುಲಭದ ದಾರಿ. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಮಾನಸಿಕ ರೋಗಿಗಳ ಖಾಸಗಿ ಆಶ್ರಯವೊಂದರ ಗುಡಿಸಲಿಗೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ಮಂದಿ ಓಡಲಾಗದೆ ಸತ್ತರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮಾನಸಿಕ ರೋಗಿಗಳನ್ನು ಯಾವ ರೀತಿಯಲ್ಲೂ ಸರಪಳಿ ಹಾಕಿ ಇಡುವಂತಿಲ್ಲ ಎನ್ನುತ್ತದೆ. ಅಂಥ ರೋಗಿಗಳನ್ನು ಇಟ್ಟುಕೊಂಡು ಚಿಕಿತ್ಸೆ, ಆರೈಕೆ ಕೊಡುವ ಸಂಸ್ಥೆಗೆ ನೋಂದಣಿ ಕಡ್ಡಾಯ.

ಐದನೆಯದು ಗಡಿಯವರಿಗೇ ಮೀಸಲಾದದ್ದು: ಮಾತು. ಮರೆವಿನ ಕಾಯಿಲೆಯಲ್ಲಿ ಆಮೇಲೆ ಕಲಿತ ಭಾಷೆ ಮೊದಲು ಜಾರುವುದುಂಟು, ತಾಯಿನುಡಿ ಕೊನೆತನಕ ಉಳಿಯುತ್ತದೆ. ಜೀವನವಿಡೀ ಸಂತೆಯಲ್ಲಿ ತೆಲುಗು ಮಾತಾಡಿದ ಅಜ್ಜಿ ಕೊನೆಗಾಲಕ್ಕೆ ಕನ್ನಡ ಬಿಟ್ಟರೆ ಬೇರೆ ಅರಿಯದಂತಾಗಬಹುದು. ‘ಉರಿ’ ಅಂದದ್ದು ‘ಮಂಟ’ ಎಂದು, ‘ನೋವು’ ಅಂದದ್ದು ‘ನೊಪ್ಪಿ’ ಎಂದು ತಿಳಿಯುವ ಆಯಾ ಅಲ್ಲಿರಬೇಕು. ಬೆಂಗಳೂರಿನಲ್ಲಿ ದೂರದ ರಾಜ್ಯಗಳಿಂದ ಬಂದ ಆರೈಕೆಯವರಿದ್ದರೆ ಎರಡೂ ತಿಳಿಯದು. ಮೂತ್ರ ಉರಿಯುತ್ತಿದೆ ಎಂದು ಹೇಳಲಾಗದೆ ಕೂಗಾಡುವವರನ್ನು ‘ತಲೆ ಕೆಟ್ಟಿದೆ’ ಎಂದು ನಿದ್ದೆ ಮಾತ್ರೆ ಕೊಟ್ಟು ಮಲಗಿಸುವುದು ಇಲ್ಲಿಂದಲೇ ಶುರುವಾಗುತ್ತದೆ.

ದುಡ್ಡಿನ ಲೆಕ್ಕ ಸುಳ್ಳು ಹೇಳುವುದಿಲ್ಲ

20 ಮಂದಿ ಇರುವ ಮನೆ ಎಂದುಕೊಳ್ಳಿ. ಪಾಳಿಗೊಬ್ಬ ಆಯಾ ಎಂದರೂ ಮೂರು ಪಾಳಿಗೆ ಮೂವರು, ರಜೆಗೆ ಒಬ್ಬರು, ಒಟ್ಟು ನಾಲ್ವರು. ತಲಾ 12 ಸಾವಿರ ಸಂಬಳ ಹಿಡಿದರೆ 48 ಸಾವಿರ; ಪ್ರತಿ ನಿವಾಸಿಯ ಮೇಲೆ 2,400 ರೂಪಾಯಿ. ಆದರೆ 20 ಮಂದಿಯೂ ಹಾಸಿಗೆ ಹಿಡಿದವರಾದರೆ ಒಬ್ಬ ಆಯಾಗೆ ಐವರಿಗಿಂತ ಹೆಚ್ಚು ನೋಡಲಾಗದು. ಆಗ ಪಾಳಿಗೆ ನಾಲ್ವರು, ಒಟ್ಟು 16 ಮಂದಿ, ಸಂಬಳ 1.92 ಲಕ್ಷ. ತಲೆಗೆ 9,600 ರೂಪಾಯಿ ಆಯಾ ಸಂಬಳಕ್ಕೇ ಹೋಯಿತು. ಬಾಡಿಗೆ, ಅಕ್ಕಿ, ಡೈಪರ್, ಮಾತ್ರೆ ಇನ್ನೂ ಬಂದಿಲ್ಲ.

ಹಾಗಾಗಿ ‘ತಿಂಗಳಿಗೆ ಐದು ಸಾವಿರ, ಮಲಗಿದವರನ್ನೂ ನೋಡ್ಕೋತೀವಿ’ ಎನ್ನುವ ಕಡೆ ಒಂದೋ ದಾನಿಗಳ ಹಣ ಇರಬೇಕು, ಇಲ್ಲವೇ ಆಯಾಗಳು ಇರುವುದಿಲ್ಲ. 2007ರ ಕಾಯ್ದೆ ಮಕ್ಕಳಿಂದ ಕೊಡಿಸಬಹುದಾದ ಜೀವನಾಂಶಕ್ಕೆ ತಿಂಗಳಿಗೆ 10 ಸಾವಿರದ ಮಿತಿ ಹಾಕಿದೆ. ಆ ಮಿತಿ ತೆಗೆಯುವ ಪ್ರಸ್ತಾಪವೂ ಬಿದ್ದುಹೋದ ಮಸೂದೆಯಲ್ಲೇ ಇತ್ತು.

ಪಿಂಚಣಿಯ ತೊಡಕು ಬೇರೆ. ಆಂಧ್ರದಲ್ಲಿ ವೃದ್ಧಾಪ್ಯ ಪಿಂಚಣಿ 2024ರಲ್ಲಿ 4 ಸಾವಿರಕ್ಕೆ ಏರಿತು. ಕರ್ನಾಟಕದ ಸಂಧ್ಯಾ ಸುರಕ್ಷಾಕ್ಕಿಂತ ಅದು ಎಷ್ಟೋ ಹೆಚ್ಚು. ಆದರೆ ಅದನ್ನು ಹಂಚುವುದು ತಿಂಗಳ ಮೊದಲಲ್ಲಿ, ಊರಿನ ಮನೆ ಬಾಗಿಲಲ್ಲಿ. ಅವ್ವ ಗಡಿಯಾಚೆಯ ಆಶ್ರಮದಲ್ಲಿದ್ದರೆ ಆ ಹಣಕ್ಕೆ ಕುತ್ತು. 70 ದಾಟಿದ ಎಲ್ಲರಿಗೂ 2024ರ ಅಕ್ಟೋಬರ್‌ನಿಂದ ಆಯುಷ್ಮಾನ್ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ಅದು ಆಸ್ಪತ್ರೆಗೆ ದಾಖಲಾದಾಗ ಮಾತ್ರ. ಆಶ್ರಮದ ಖರ್ಚಿಗೆ ಬಾರದು.

ನಾಚಿಕೆಯೇ ದೊಡ್ಡ ಅಪಾಯ

2025ರ ಮಾರ್ಚ್‌ನಲ್ಲಿ ಬೆಳಗಾವಿಯ ಸರ್ಕಾರಿ ವೈದ್ಯಕೀಯ ಸಂಸ್ಥೆಯೊಂದರಲ್ಲೇ 150ಕ್ಕೂ ಹೆಚ್ಚು ಹಿರಿಯರನ್ನು ಮನೆಯವರು ಬಿಟ್ಟುಹೋದ ಸಂಗತಿ ಹೊರಬಿತ್ತು. ಅಂಥ ಮಕ್ಕಳ ಹೆಸರಿಗಾದ ಆಸ್ತಿ ವರ್ಗಾವಣೆ ರದ್ದು ಮಾಡಿಸಲು ಕ್ರಮ ಕೈಗೊಳ್ಳಿ ಎಂದು ಕರ್ನಾಟಕದ ವೈದ್ಯಕೀಯ ಶಿಕ್ಷಣ ಸಚಿವರು ಅಧಿಕಾರಿಗಳಿಗೆ ಹೇಳಿದರು. ಊಟ ಹಾಕುತ್ತಾರೆ, ಮಾತ್ರೆ ಕೊಡುತ್ತಾರೆ ಎಂಬ ನಂಬಿಕೆಯಿಂದ ಆಸ್ಪತ್ರೆಯಲ್ಲೇ ಬಿಟ್ಟುಹೋಗುವುದು, ಒಳ್ಳೆಯ ಆರೈಕೆ ಮನೆ ಕೈಗೆಟುಕದ ಕಡೆ ನಡೆಯುವ ಕಥೆ.

ಇದಕ್ಕಿಂತ ಸದ್ದಿಲ್ಲದ ಇನ್ನೊಂದು ಕಥೆಯಿದೆ. ‘ಊರಲ್ಲಿ ಜನ ಏನಂತಾರೆ’ ಎಂಬ ಅಂಜಿಕೆಯಿಂದ ಹತ್ತಿರದ ಆಶ್ರಮ ಬಿಟ್ಟು ದೂರದ್ದನ್ನು ಹುಡುಕುವುದು. ಬೀಗರಿಗೆ ತಿಳಿಯಬಾರದು, ಜಾತ್ರೆಯಲ್ಲಿ ಯಾರೂ ಕೇಳಬಾರದು. ಆದರೆ ದೂರ ಹೆಚ್ಚಿದಷ್ಟೂ ಭೇಟಿ ಕಡಿಮೆ; ಭೇಟಿ ಕಡಿಮೆಯಾದಷ್ಟೂ ಕೇಳುವವರಿಲ್ಲ ಎಂಬುದು ಆಯಾಗಳಿಗೂ ತಿಳಿಯುತ್ತದೆ. ಸರ್ಕಾರದ ತಪಾಸಣೆ ಇಲ್ಲದ ಕಡೆ ಮನೆಯವರ ಕಣ್ಣೇ ತಪಾಸಣೆ. ಮರ್ಯಾದೆಗೆ ಹೆದರಿ ನೂರು ಮೈಲಿ ದೂರ ಇಟ್ಟವರು ಆ ಕಣ್ಣನ್ನೂ ಮುಚ್ಚಿದಂತೆ.

ಎಲ್ಲಿ ಕೇಳಬೇಕು?

ಗಡಿಯವರಿಗೆ ಕಾನೂನು ಕೊಟ್ಟ ಕೆಲವು ಅನುಕೂಲಗಳು ಹೆಚ್ಚಿನವರಿಗೆ ತಿಳಿದಿಲ್ಲ. ಜೀವನಾಂಶದ ಅರ್ಜಿಯನ್ನು ಹಿರಿಯರು ಈಗ ಇರುವ, ಕೊನೆಗೆ ಇದ್ದ, ಅಥವಾ ಮಕ್ಕಳು ಇರುವ ಯಾವುದೇ ಜಿಲ್ಲೆಯಲ್ಲಿ ಹಾಕಬಹುದು. ಅಂದರೆ ರಾಯದುರ್ಗದವರು ಕಲ್ಯಾಣದುರ್ಗದ ಆರ್‌ಡಿಒ ನ್ಯಾಯಮಂಡಳಿಗೂ ಹೋಗಬಹುದು, ಮಗ ಬಳ್ಳಾರಿಯಲ್ಲಿದ್ದರೆ ಅಲ್ಲಿನ ಉಪವಿಭಾಗಾಧಿಕಾರಿಗೂ ಕೊಡಬಹುದು. ಅರ್ಜಿ 90 ದಿನದಲ್ಲಿ, ವಿಶೇಷ ಕಾರಣವಿದ್ದರೆ ಇನ್ನೂ 30 ದಿನದಲ್ಲಿ ತೀರ್ಮಾನವಾಗಬೇಕು.

ಹಣ ಕಟ್ಟಿಸಿಕೊಂಡ ಆಶ್ರಮದ ಸೇವೆಯಲ್ಲಿ ಲೋಪವಾದರೆ ಗ್ರಾಹಕರ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರರು ತಾವು ಇರುವ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು. ಅದಕ್ಕೆ ರಸೀದಿ ಬೇಕು. ರಸೀದಿ ಕೊಡದ ಕಡೆ ‘ದೇಣಿಗೆ’ ಎಂದು ಬರೆಸಿಕೊಂಡರೆ ಮುಂದೆ ವಾದ ಕಷ್ಟ.

‘ಕೊನೆತನಕ ನೋಡ್ಕೋತೀವಿ’ ಎಂಬ ಮಾತಿಗೆ ಹೊಲ, ಮನೆ ಬರೆದುಕೊಡುವವರೂ ಉಂಟು. 23ನೇ ಕಲಂ ಪ್ರಕಾರ, ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಪಡೆದವರು ನೋಡಿಕೊಳ್ಳದಿದ್ದರೆ, ರದ್ದು ಮಾಡಿಸಬಹುದು. ಕಲಂನಲ್ಲಿ ‘ಮಕ್ಕಳು’ ಎಂದಿಲ್ಲ, ‘ಪಡೆದವರು’ ಎಂದಿದೆ. 2025ರ ಜನವರಿ 2ರಂದು ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ನ್ಯಾಯಮಂಡಳಿ ಸ್ವಾಧೀನವನ್ನೂ ವಾಪಸ್ ಕೊಡಿಸಬಹುದು ಎಂದಿದೆ. ಆದರೆ ಷರತ್ತು ಇತ್ತು ಎಂಬುದು ಸಾಬೀತಾಗಬೇಕು ಎಂದು 2022ರಲ್ಲಿ ಅದೇ ನ್ಯಾಯಾಲಯ ಹೇಳಿದೆ. ಬಾಯಿಮಾತು ಸಾಲದು, ಬರೆಸಬೇಕು.

ಇಷ್ಟೆಲ್ಲ ಇದ್ದರೂ ಇವು ತಪ್ಪು ನಡೆದ ಮೇಲಿನ ದಾರಿಗಳು. ನಡೆಯದಂತೆ ತಡೆಯುವುದು ತಪಾಸಣೆ. ಹೊಸ ಕೇಂದ್ರ ಕಾನೂನು ಬರುವ ತನಕ ಕಾಯಬೇಕಿಲ್ಲ. ಅನಂತಪುರ, ಶ್ರೀ ಸತ್ಯಸಾಯಿ, ಬಳ್ಳಾರಿ, ತುಮಕೂರು ಜಿಲ್ಲಾಡಳಿತಗಳು ತಂತಮ್ಮ ವ್ಯಾಪ್ತಿಯ ಆರೈಕೆ ಮನೆಗಳ ಪಟ್ಟಿ ಮಾಡಿ, ವರ್ಷಕ್ಕೆರಡು ಸಲ ಆರೋಗ್ಯ, ಅಗ್ನಿಶಾಮಕ ಇಲಾಖೆಯವರನ್ನು ಕಳಿಸಿ, ಕಂಡದ್ದನ್ನು ಕನ್ನಡ, ತೆಲುಗು ಎರಡರಲ್ಲೂ ಬಾಗಿಲಿಗೆ ಅಂಟಿಸಿದರೆ ಅರ್ಧ ಕೆಲಸ ಆದಂತೆ. 2011ರ ಜನಗಣತಿಯಲ್ಲೇ ದೇಶದ ಹಿರಿಯರು 10 ಕೋಟಿ ದಾಟಿದ್ದರು. ದುಡಿಯುವವರು ಹೊರಗೆ ಹೋಗುವ ಇಂಥ ತಾಲ್ಲೂಕುಗಳಲ್ಲಿ ಆ ಭಾರ ಇನ್ನೂ ಬೇಗ ಕಾಣುತ್ತದೆ.

ಸೇರಿಸುವ ಮುನ್ನ ಕೇಳಿ, ನೋಡಿ

* ರಾತ್ರಿ ಪಾಳಿಯಲ್ಲಿ ಎಷ್ಟು ಮಂದಿ ಎಚ್ಚರ ಇರುತ್ತಾರೆ? ಹೇಳದೆ ಸಂಜೆ ಮೇಲೆ ಒಮ್ಮೆ ಹೋಗಿ ನೋಡಿ.
* ಹಾಸಿಗೆ ಹಿಡಿದವರ ಮಗ್ಗುಲು ಬದಲಿಸಿದ ವೇಳೆ ಬರೆಯುವ ಪುಸ್ತಕ ಇದೆಯೇ?
* ಮಾತ್ರೆ ಕೊಡುವವರು ಯಾರು? ಪ್ರತಿಯೊಬ್ಬರ ಮಾತ್ರೆ ಬೇರೆ ಬೇರೆ ಡಬ್ಬಿಯಲ್ಲಿ ಹೆಸರು ಬರೆದು ಇಟ್ಟಿದ್ದಾರೆಯೇ?
* ವೈದ್ಯರು ತಿಂಗಳಿಗೆ ಎಷ್ಟು ಸಲ ಬರುತ್ತಾರೆ? ನಡುರಾತ್ರಿ ಉಸಿರು ಕಟ್ಟಿದರೆ ಯಾವ ಆಸ್ಪತ್ರೆ, ಯಾವ ಗಾಡಿ?
* ಬೆಂಕಿ ಬಿದ್ದರೆ ಎರಡನೇ ಬಾಗಿಲು ಎಲ್ಲಿ? ಅದಕ್ಕೆ ಬೀಗ ಇದೆಯೇ?
* ಕುಡಿಯುವ ನೀರು ಎಲ್ಲಿಂದ? ಫ್ಲೋರೈಡ್ ಪರೀಕ್ಷೆ ಮಾಡಿಸಿದ್ದಾರೆಯೇ?
* ಕನ್ನಡ ತಿಳಿದ ಆಯಾ ಇದ್ದಾರೆಯೇ?
* ಕಟ್ಟುವ ಹಣಕ್ಕೆ ರಸೀದಿ, ಮುಂಗಡ ವಾಪಸಾತಿಗೆ ಬರವಣಿಗೆ ಇದೆಯೇ?
* ಯಾವ ಹೊತ್ತಲ್ಲಾದರೂ ಬಂದು ನೋಡಲು ಬಿಡುತ್ತಾರೆಯೇ? ‘ಭಾನುವಾರ ಮಾತ್ರ’ ಎಂದರೆ ಎರಡು ಸಲ ಯೋಚಿಸಿ.
* ಹಿರಿಯರ ಸಹಾಯವಾಣಿ 14567. ಎರಡೂ ರಾಜ್ಯಗಳಲ್ಲಿ ಕರೆ ಉಚಿತ. ಈ ನಂಬರನ್ನು ಅಜ್ಜ-ಅಜ್ಜಿಯರ ಫೋನಿನಲ್ಲೂ ಹಾಕಿಕೊಡಿ.